ಬಲಗಿವಿಯ ಮುದ್ರೆ

ಮಾರ್ಚ್ 4

ಇಯರ್‌ಫೋನ್ ತಯಾರಿಸುವ ಮಾನ್ಯರಿಗೆ,

ಇಂಥ ಪತ್ರವನ್ನು ‘ಐ ಬೆಗ್ ಟು ಸ್ಟೇಟ್’ ಎಂದು ಆರಂಭಿಸಬೇಕೆಂದು ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಕಲಿಸಿದ್ದರು. ಅದರ ಮುಂದಿನದು ಮರೆತಿದೆ. ಬೇಡುವುದು ನನ್ನ ಜಾಯಮಾನವೂ ಅಲ್ಲ. ನೇರವಾಗಿ ಕೇಳುತ್ತೇನೆ.

ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತನಾದವನು. ತಕ್ಕಡಿ ತಟ್ಟೆಯ ಅಡಿಗೆ ಮೇಣ ಅಂಟಿಸುವವರು, ತೂಕದ ಬಟ್ಟಿನ ಹೊಟ್ಟೆ ಕೊರೆದು ಟೊಳ್ಳು ಮಾಡಿ ಮೇಲೆ ಬಣ್ಣ ಬಳಿಯುವವರು, ಬಟ್ಟೆ ಅಳೆಯುವಾಗ ಹೆಬ್ಬೆರಳಿನಷ್ಟು ನುಂಗುವವರು, ಎಲ್ಲರನ್ನೂ ಕಂಡಿದ್ದೇನೆ. ನನ್ನೆದುರು ಮಾತಿನಲ್ಲಿ ಮನೆ ಕಟ್ಟಿ ಪ್ರಯೋಜನವಿಲ್ಲ.

ನನ್ನ ಹೆಂಡತಿ ತೀರಿಕೊಂಡು ಎಂಟು ತಿಂಗಳಾಯಿತು. ಹೋದ ವಾರ ಅವಳ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ಗುಂಡಿಗಳ ಡಬ್ಬಿಯ ಹಿಂದೆ, ನಿಮ್ಮ ಕಂಪನಿಯ ಪೆಟ್ಟಿಗೆ ಸಿಕ್ಕಿತು. ಒಳಗೆ ಕಿವಿಯೊಳಕ್ಕೆ ತೂರಿಸುವ ಇಯರ್‌ಫೋನ್, ಜೊತೆಗೆ ಹತ್ತು ವರ್ಷ ಬಾಳಿಕೆಯ ಭರವಸೆ ಕೊಡುವ ಕಾರ್ಡು. ಅವಳ ಎಡಗಿವಿಯಲ್ಲಿ ಅದು ಇರುತ್ತಿದ್ದುದನ್ನು ಮೂರು ವರ್ಷ ನೋಡಿದ್ದೇನೆ. ಎಲ್ಲಿಂದ ಬಂತು, ಎಷ್ಟಾಯಿತು ಎಂದು ಕೇಳಿದಾಗ ಅವಳು ಹೇಳಿದ್ದು, “ಫೋನ್ ಜೊತೆ ಪುಕ್ಕಟೆ ಬಂತು.” ಈಗ ಪೇಟೆಯ ಅಂಗಡಿಯಲ್ಲಿ ವಿಚಾರಿಸಿದೆ. ಅಂಗಡಿಯವನು ಪೆಟ್ಟಿಗೆ ನೋಡಿ, ಕೂತಿದ್ದವನು ಎದ್ದು ನಿಂತು, ಬೆಲೆ ಹೇಳಿದ. ನನ್ನ ನಾಲ್ಕು ತಿಂಗಳ ಪಿಂಚಣಿ.

ಇಷ್ಟು ಬೆಲೆಯ ವಸ್ತು ಮೂರೇ ವರ್ಷಕ್ಕೆ ಅರ್ಧ ಸತ್ತಿದೆ. ಅವಳ ಫೋನಿಗೆ ಸಿಕ್ಕಿಸಿ ತ್ರಿಕೋನದ ಗುರುತು ಒತ್ತಿದೆ. ಎಡಗಡೆಯದು ನನ್ನ ಕಿವಿಗೆ ಹೋಗಲಿಲ್ಲ. ಹತ್ತಿರ ಹಿಡಿದರೆ ಸೊಳ್ಳೆಯ ದನಿಯಲ್ಲಿ ಏನೋ ಕೇಳಿಸಿತು. ಬಲಗಡೆಯದರಲ್ಲಿ ಸೊಳ್ಳೆಯೂ ಇಲ್ಲ. ಅದಕ್ಕೆ ಅವಳೇ ಹೊಲಿದ ಪುಟ್ಟ ಬಟ್ಟೆಚೀಲ ತೊಡಿಸಿದ್ದಾಳೆ. ಚೀಲ ತೆಗೆದರೆ, ಅದರ ಬಾಯಿಗೆ ನಿಮ್ಮ ಕಂಪನಿಯ ಗುರುತಿರುವ ಮುದ್ರೆ. ಮುದ್ರೆ ಒಡೆದಿಲ್ಲ, ಆದ್ದರಿಂದ ಅದನ್ನು ಕಿವಿಗೆ ಹಾಕಿ ನೋಡುವ ಗೋಜಿಗೆ ನಾನು ಹೋಗಲಿಲ್ಲ. ಮುದ್ರೆಯಿದ್ದ ವಸ್ತುವಿಗೆ ಕೈ ಹಾಕಬಾರದು ಎಂಬುದು ನಮ್ಮ ಇಲಾಖೆಯ ಮೊದಲ ಪಾಠ. ಮುದ್ರೆ ಹಾಕಿದವನೇ ಜವಾಬ್ದಾರ.

ಬಾಳಿಕೆಯ ಮಾತು ಬಂತೆಂದು ಇನ್ನೊಂದು ಹೇಳುತ್ತೇನೆ. ನನ್ನ ಹೆಂಡತಿ ದೊಡ್ಡ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದಳು. “ಎಡಗಿವಿ ಆಸ್ಪತ್ರೆಗೆ, ಬಲಗಿವಿ ಮನೆಗೆ” ಅನ್ನುತ್ತಿದ್ದಳು. ನಿವೃತ್ತಿಯ ದಿನ ಸಹೋದ್ಯೋಗಿಗಳು ಕೊಟ್ಟದ್ದು ಒಂದು ಪ್ಲಾಸ್ಟಿಕ್ ಗೋಡೆ ಗಡಿಯಾರ. ಹನ್ನೊಂದು ತಿಂಗಳಿಗೆ ನಿಂತುಹೋಯಿತು. ಮೂವತ್ತು ವರ್ಷದ ದುಡಿಮೆಗೆ ಹನ್ನೊಂದು ತಿಂಗಳ ಗಡಿಯಾರ. ಅದರ ಕೆಳಗೆ ಹಾದಾಗಲೆಲ್ಲ ಅವರನ್ನು ಬೈದಿದ್ದೇನೆ, ಅವಳು ನಕ್ಕಿದ್ದಾಳೆ. ಅದೇನೋ ಅಗ್ಗದ ಮಾಲು, ಕ್ಷಮಿಸೋಣ. ನಿಮ್ಮದಕ್ಕೆ ಏನು ಹೇಳುತ್ತೀರಿ?

ಇದನ್ನು ಕೊಂಡವರು ಯಾರು, ಹಣ ಯಾರದು, ಏಕೆ ಕೆಟ್ಟಿತು, ಬರವಣಿಗೆಯಲ್ಲಿ ತಿಳಿಸಿ. ಇ-ಮೇಲ್ ಬೇಡ, ಅದರಲ್ಲಿ ಸಹಿ ಇರುವುದಿಲ್ಲ. ಕಾರ್ಡಿನ ಸಂಖ್ಯೆ ಹಿಂಬದಿಯಲ್ಲಿ ಬರೆದಿದ್ದೇನೆ.

ಯುವರ್ಸ್ ಒಬೀಡಿಯೆಂಟ್ಲಿ (ಯಾರಿಗೆ ವಿಧೇಯ ಎಂದು ಕೇಳಬೇಡಿ, ಹಾಗೆ ಬರೆಯುವುದು ಪದ್ಧತಿ),
ನಿವೃತ್ತ ಇನ್‌ಸ್ಪೆಕ್ಟರ್


ಮಾರ್ಚ್ 15

ಸರ್,

ನಿಮ್ಮ ಪತ್ರ ತಲುಪಿತು. ಇಲ್ಲಿ ಕಿವಿಯ ಅಚ್ಚು ಮಾಡುವವಳೂ ನಾನೇ, ರಿಪೇರಿ ನೋಡುವವಳೂ ನಾನೇ. ಹಾಗಾಗಿ ಉತ್ತರವೂ ನನ್ನದೇ.

ನೀವು ಬರೆದ ಸಂಖ್ಯೆಯನ್ನು ಪುಸ್ತಕದಲ್ಲಿ ನೋಡಿದೆ. ಕೊಂಡವರ ವಿವರವನ್ನು ನಾವು ಮೂರನೆಯವರಿಗೆ ಕೊಡುವುದಿಲ್ಲ. ಸತ್ತವರ ಮನೆಯಿಂದ ಇಂಥ ವಸ್ತುಗಳನ್ನು ಚಿಲ್ಲರೆ ಬೆಲೆಗೆ ಎತ್ತಿ, ನಮ್ಮಿಂದ ಪುಕ್ಕಟೆ ರಿಪೇರಿ ಮಾಡಿಸಿ, ಬೇರೆ ಕಡೆ ಮಾರುವವರು ಇದ್ದಾರೆ. ನೀವು ಅಂಥವರೆಂದು ಹೇಳುತ್ತಿಲ್ಲ. ಅಲ್ಲವೆಂದು ಹೇಳಲೂ ನನ್ನ ಬಳಿ ಏನಿಲ್ಲ.

ಒಂದು ವಿಷಯ ಮಾತ್ರ ಹೇಳಬೇಕು. ಈ ಇಯರ್‌ಫೋನನ್ನು ಕಿವಿಯ ಅಚ್ಚು ತೆಗೆದು, ಆ ಕಿವಿಗೆಂದೇ ಮಾಡಲಾಗುತ್ತದೆ. ಇನ್ನೊಬ್ಬರಿಗೆ ಅದು ಕೂರುವುದಿಲ್ಲ. ನಿಮ್ಮ ಬಳಿ ಇರುವ ಜೋಡಿ ಒಬ್ಬರದಲ್ಲ. ಎಡಗಡೆಯದು ಒಬ್ಬರ ಕಿವಿಗೆ, ಬಲಗಡೆಯದು ಇನ್ನೊಬ್ಬರ ಕಿವಿಗೆ ಮಾಡಿದ್ದು. ಹದಿನಾರು ವರ್ಷದಲ್ಲಿ ನಾನು ಹಾಗೆ ಮಾಡಿದ್ದು ಅದೊಂದೇ ಜೋಡಿ, ಮರೆಯುವಂಥದ್ದಲ್ಲ. ನೀವು ಆ ಮನೆಯವರೇ ಆಗಿದ್ದರೆ ಈ ಸಂಗತಿ ನಿಮಗೆ ಗೊತ್ತಿರಬೇಕಿತ್ತು.

ಅಚ್ಚಿನ ಮತ್ತು ರಿಪೇರಿ ವಿಭಾಗ


ಮಾರ್ಚ್ 21

ಅಚ್ಚಿನ ವಿಭಾಗದ ಮೇಡಂ ಅವರಿಗೆ,

ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ನನ್ನನ್ನು ಕಳ್ಳಮಾಲಿನ ವ್ಯಾಪಾರಿ ಎಂದಿದ್ದೀರಿ. ಸಂತೋಷ. ನಿಮ್ಮ ಜಾಗದಲ್ಲಿದ್ದರೆ ನಾನೂ ಅದನ್ನೇ ಬರೆಯುತ್ತಿದ್ದೆ, ಇನ್ನೂ ಖಾರವಾಗಿ.

ಬಲಗಡೆಯದು ಯಾರ ಕಿವಿ?

ನನಗೆ ನನ್ನ ಹೆಂಡತಿಯ ಮೇಲೆ ಯಾವ ಅನುಮಾನವೂ ಇಲ್ಲ. ಮೂವತ್ತಾರು ವರ್ಷದ ಸಂಸಾರ. ಬೆನಿಫಿಟ್ ಆಫ್ ಡೌಟ್ ಎಂದು ಒಂದಿದೆಯಲ್ಲ, ಅದನ್ನು ಕೊಡಬೇಕು. ಯಾರಿಗೆ ಕೊಡಬೇಕೆಂಬುದು ನೆನಪಿಲ್ಲ. ಕೊಡುವ ಮುನ್ನ ಇರುವ ಸಂಗತಿಯನ್ನು ಇದ್ದ ಹಾಗೆ ಬರೆಯುತ್ತೇನೆ, ಏಕೆಂದರೆ ಇದನ್ನು ಈ ಊರಿನಲ್ಲಿ ಯಾರ ಹತ್ತಿರವೂ ಹೇಳುವಂತಿಲ್ಲ.

ಮೊದಲ ಪತ್ರದಲ್ಲಿ ಸೊಳ್ಳೆಯ ದನಿ ಎಂದು ಬರೆದಿದ್ದೆ. ಅದು ಗಂಡಸಿನ ದನಿ. ಹಾಡಲ್ಲ, ಮಾತು, ಅದೂ ಪಿಸುಮಾತು. ತಕ್ಷಣ ನಿಲ್ಲಿಸಿದೆ. ತಂತಿ ಕಿತ್ತುಬಿಟ್ಟರೆ ಫೋನಿನಲ್ಲೇ ಜೋರಾಗಿ ಕೇಳಿಸುತ್ತದೆ ಎಂದು ಅಂಗಡಿಯವನು ಹೇಳಿದ. ಮೂರು ದಿನ ಫೋನನ್ನು ಮೇಜಿನ ಮೇಲಿಟ್ಟುಕೊಂಡು ಸುತ್ತ ತಿರುಗಿದೆ. ಕೀಳಲಿಲ್ಲ. ಎಂಥೆಂಥ ಧಾನ್ಯದ ದೊರೆಗಳ ಗೋದಾಮಿಗೆ ನುಗ್ಗಿದವನು ನಾನು.

ಒಮ್ಮೆ ಅವಳು ಪಾತ್ರೆ ತೊಳೆಯುತ್ತ, ಅದು ಕಿವಿಯಲ್ಲಿರುವಾಗಲೇ, ತನ್ನಷ್ಟಕ್ಕೆ ನಕ್ಕು ಅಂದಳು, “ಕಾವಲುಗಾರ ಅಲ್ಲ. ನಂಗೆ ಮೊದಲೇ ಗೊತ್ತಿತ್ತು.” ಏನೆಂದು ನಾನು ಕೇಳಲಿಲ್ಲ. ಗ್ಯಾಸಿನ ಸಿಲಿಂಡರಿನಲ್ಲಿ ತೂಕ ಹೇಗೆ ಹೊಡೆಯುತ್ತಾರೆಂದು ವಿವರಿಸುತ್ತಿದ್ದೆ, ಅದನ್ನು ಮುಗಿಸಬೇಕಿತ್ತು. ನಿಮ್ಮ ಪತ್ರ ಬಂದ ಮೇಲೆ ನಮ್ಮ ಕಟ್ಟಡದ ಕಾವಲುಗಾರನ ಕಿವಿಯನ್ನು ಚೆನ್ನಾಗಿ ನೋಡಿದೆ. ಅವಳೇ ಅಲ್ಲ ಎಂದಿದ್ದಾಳಲ್ಲ ಎಂದು ಬಿಟ್ಟೆ.

ಮಹಡಿಯಲ್ಲಿ ಸಂಗೀತದ ಮೇಷ್ಟ್ರೊಬ್ಬರಿದ್ದಾರೆ, ಅವರೂ ಒಂಟಿ. ಮೆಟ್ಟಿಲಿನಲ್ಲಿ ಸಿಕ್ಕಾಗ ಅವಳ ಜೊತೆ ಹಾಡಿನ ಬಗ್ಗೆ ಮಾತಾಡುತ್ತಿದ್ದರು. ಹಳೆಯ ಕೆಲಸದ ಕ್ಯಾಲಿಪರ್ ನನ್ನ ಬಳಿ ಇದೆ. ಬಲಗಡೆಯದರ ಉದ್ದ, ಅಗಲ, ಬಾಗು ಎಲ್ಲವನ್ನೂ ಮುದ್ರೆ ಮುಟ್ಟದೆ ಅಳೆದು, ಚೀಟಿಯಲ್ಲಿ ಬರೆದುಕೊಂಡು, ಅವರನ್ನು ಟೀಗೆ ಕರೆದೆ. ಅವರ ಬಲಕ್ಕೆ ಕೂತೆ. ಟೀ ಆರಿತು. ಕೊನೆಗೆ ಅವರೇ, “ನನ್ನ ಕಿವೀಲಿ ಏನಾದ್ರೂ ಇದೆಯಾ?” ಎಂದರು. “ನೀವೇ ಹೇಳ್ಬೇಕು” ಎಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಕಿವಿ ಮುಟ್ಟಿ ನೋಡಿಕೊಂಡರು. ಆದರೆ ಅಳತೆ ಕೂಡುವುದಿಲ್ಲ. ಅವರದು ಪುಟ್ಟ ಕಿವಿ, ಹುಣಸೆಬೀಜದಂತೆ. ಇದು ಯಾರೋ ದೊಡ್ಡ ಕಿವಿಯವನದು. ಈಗ ರಸ್ತೆಯಲ್ಲಿ ನಾನು ಯಾರ ಮುಖವನ್ನೂ ನೋಡುವುದಿಲ್ಲ.

ಇನ್ನೊಂದು ಇದೆ. ಸಂಜೆ ಸೋಫಾದಲ್ಲಿ ಕಿಟಕಿಯ ಬದಿ ಅವಳು ಕೂರುತ್ತಿದ್ದಳು. ತನ್ನ ಎಡಗಡೆಯ ಜಾಗ ತಟ್ಟಿ, “ಬನ್ನಿ, ಇಲ್ಲಿ ಕೂತ್ಕೊಳ್ಳಿ ಸ್ವಲ್ಪ” ಅನ್ನುತ್ತಿದ್ದಳು. ನನಗೆ ಕೂತು ಮಾತಾಡಿ ಗೊತ್ತಿಲ್ಲ, ಓಡಾಡುತ್ತ ಮಾತಾಡಿಯೇ ರೂಢಿ. “ಆಮೇಲೆ” ಅನ್ನುತ್ತಿದ್ದೆ. ಅವಳ ಕಿವಿಯಲ್ಲಿ ಆಗ ಇದು ಇರುತ್ತಿತ್ತು. ಈಗ ಅನಿಸುತ್ತದೆ, ಮೂರು ವರ್ಷ ನಾನು ಹೇಳಿದ್ದರಲ್ಲಿ ಅವಳಿಗೆ ತಲುಪಿದ್ದೆಷ್ಟು? ನನ್ನ ಮಾತು ತಡೆಯಲೆಂದೇ ನಾಲ್ಕು ತಿಂಗಳ ಪಿಂಚಣಿಯಷ್ಟು ಸುರಿದಳೇ? ಹಾಗಿದ್ದರೆ ಮಾಲು ಚೆನ್ನಾಗಿಯೇ ಕೆಲಸ ಮಾಡಿದೆ.

ಕಿವಿಯ ಅಚ್ಚು ತೆಗೆಯುವುದು ಹೇಗೆಂಬುದೇ ನನಗೆ ತಿಳಿಯದು. ಆ ಮನುಷ್ಯ ಯಾರೇ ಆಗಲಿ, ಅವಳ ಪಕ್ಕ ಕೂತು ಕಿವಿ ಕೊಟ್ಟವನು. ಹೆಸರು ಹೇಳಿ. ನಾನು ಅವನನ್ನು ಏನೂ ಮಾಡುವುದಿಲ್ಲ. ಏನು ಕೇಳಿದಿರಿ ಎಂದು ಕೇಳುತ್ತೇನೆ, ಅಷ್ಟೇ.

ನಿವೃತ್ತ ಇನ್‌ಸ್ಪೆಕ್ಟರ್


ಮಾರ್ಚ್ 30

ಸರ್,

ಹೆಸರು ಹೇಳಲಾರೆ. ನಿಮ್ಮ ಪತ್ರ ಓದಿದ ಮೇಲಂತೂ ಇನ್ನೂ ಹೇಳಲಾರೆ. ಕ್ಯಾಲಿಪರ್ ಹಿಡಿದು ಜನರ ಕಿವಿ ಅಳೆಯುವವರ ಕೈಗೆ ಇನ್ನೊಬ್ಬರ ವಿವರ ಕೊಟ್ಟು ನಾಳೆ ನಾನು ಉತ್ತರ ಹೇಳಬೇಕಾದೀತು.

ಬೆಲೆ ಮತ್ತು ಬಾಳಿಕೆಯ ಪ್ರಶ್ನೆಗೆ ಉತ್ತರ ಕೊಡುತ್ತೇನೆ, ಅದು ನಿಮ್ಮ ಹಕ್ಕು. ಹೆಸರುಕಾಳಿನಷ್ಟು ಜಾಗದಲ್ಲಿ ನಾಲ್ಕು ಸ್ಪೀಕರುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಕೈಯಿಂದಲೇ ಕೂರಿಸಬೇಕು. ಒಂದು ಜೋಡಿಗೆ ಎರಡು ವಾರ ಬೇಕು, ನನ್ನ ಕಣ್ಣಿಗೆ ಎರಡು ವರ್ಷ ವಯಸ್ಸಾಗುತ್ತದೆ. ಬೆವರಿಗೆ ತಂತಿ ಹಾಳಾಗುತ್ತದೆ, ಬದಲಿಸಬಹುದು. ಕಿವಿಯ ಗುಗ್ಗೆ ಕಟ್ಟುತ್ತದೆ, ತೆಗೆಯಬಹುದು. ನೆಲಕ್ಕೆ ಬೀಳಿಸದಿದ್ದರೆ ಉಳಿದದ್ದು ಹತ್ತು ವರ್ಷಕ್ಕೆ ಮೋಸವಿಲ್ಲ.

ಎರಡೂ ಕಿವಿಗಳ ಪ್ರತಿ ನಮ್ಮ ಕಪಾಟಿನಲ್ಲಿದೆ. ನೀವು ಆ ಮನೆಯವರೇ ಎಂದು ತೋರಿಸಲು ಒಂದೇ ದಾರಿ. ಯಾವುದಾದರೂ ಕಿವಿಯ ಆಸ್ಪತ್ರೆಗೆ ಹೋಗಿ ನಿಮ್ಮ ಬಲಗಿವಿಯ ಅಚ್ಚು ತೆಗೆಸಿ ಕಳಿಸಿ. ಪ್ರತಿಗೆ ಹೊಂದಿದರೆ ಆ ಆರ್ಡರಿನ ಪ್ರತಿಯೊಂದು ಕಾಗದವನ್ನೂ ಕಳಿಸುತ್ತೇನೆ. ಹೊಂದದಿದ್ದರೆ ದಯವಿಟ್ಟು ಮತ್ತೆ ಬರೆಯಬೇಡಿ. ವ್ಯಾಪಾರಿಯ ಬಟ್ಟನ್ನು ನೀವು ಇಲಾಖೆಯ ಬಟ್ಟಿನ ಜೊತೆ ಇಟ್ಟು ತೂಗುತ್ತಿರಲಿಲ್ಲವೇ, ಇದೂ ಹಾಗೇ.

ಅಚ್ಚಿನ ಮತ್ತು ರಿಪೇರಿ ವಿಭಾಗ


ಮೇ 9

ಮೇಡಂ,

ಈ ಪಾರ್ಸೆಲ್ಲಿನಲ್ಲಿ ನನ್ನ ಬಲಗಿವಿಯ ಅಚ್ಚಿದೆ. ಒಡೆಯದಂತೆ ಹತ್ತಿ ಸುತ್ತಿದ್ದೇನೆ.

ಐದು ವಾರ ತಡವಾಯಿತು. ಆರೋಗ್ಯ ಸರಿಯಿರಲಿಲ್ಲ ಎಂದು ಬರೆಯಬಹುದಿತ್ತು. ನಿಜವೆಂದರೆ ಮೂರು ಸಲ ಆಸ್ಪತ್ರೆಯ ಬಾಗಿಲ ತನಕ ಹೋಗಿ ವಾಪಸ್ಸು ಬಂದೆ. ನನ್ನ ಕಿವಿ ಹೊಂದಲಾರದೆಂದು ಖಚಿತವಿತ್ತು. ಗೊತ್ತಿದ್ದೂ ಸೋಲುವ ಕಡತಕ್ಕೆ ಸಹಿ ಹಾಕುವುದು ಹೇಗೆ?

ನಾಲ್ಕನೆಯ ಸಲ ಒಳಗೆ ಹೋದೆ. ಅಲ್ಲಿನ ಟೆಕ್ನಿಷಿಯನ್ ಮೊದಲು ಒಂದು ದಾರ ಕಟ್ಟಿದ ಹತ್ತಿ ಇಟ್ಟು, ಆಮೇಲೆ ಗುಲಾಬಿ ಬಣ್ಣದ ತಣ್ಣನೆಯ ಹಿಟ್ಟನ್ನು ಕಿವಿಗೆ ತುಂಬಿದ. “ಐದು ನಿಮಿಷ ಮಾತಾಡಬೇಡಿ ಯಜಮಾನ್ರೇ, ದವಡೆ ಆಡಿದ್ರೆ ಅಚ್ಚು ಕೆಡುತ್ತೆ” ಎಂದ.

ಆ ತಂಪು ನನಗೆ ಹೊಸದಲ್ಲ. ಆ ಐದು ನಿಮಿಷವೂ ಹೊಸದಲ್ಲ. ಅದರ ಬಗ್ಗೆ ಈಗ ಬರೆಯುವುದಿಲ್ಲ. ತೂಗದೆ ತೀರ್ಪು ಕೊಡಬಾರದು. ನೀವು ತೂಗಿ ನೋಡಿ, ಬೇಗ ಬರೆಯಿರಿ.

ನಿವೃತ್ತ ಇನ್‌ಸ್ಪೆಕ್ಟರ್


ಮೇ 20

ಸರ್, ನಮಸ್ಕಾರ.

ಹೊಂದಿತು. ಮೂರು ವರ್ಷದಲ್ಲಿ ಕಿವಿ ತುಸು ಸಡಿಲವಾಗುತ್ತದೆ, ಅಷ್ಟು ಬಿಟ್ಟರೆ ಕೂದಲೆಳೆಯ ವ್ಯತ್ಯಾಸವಿಲ್ಲ. ಆ ಬಲಗಿವಿ ನಿಮ್ಮದೇ.

ನಾನು ಕ್ಷಮೆ ಕೇಳಬೇಕು. ನಿಮ್ಮ ಮೊದಲ ಪತ್ರ ಓದಿದಾಗಲೇ ಬಲಗಡೆಯದು ಏಕೆ ಸುಮ್ಮನಿದೆ ಎಂದು ಗೊತ್ತಾಗಿತ್ತು. ಅದು ಕೆಟ್ಟಿಲ್ಲ. ಹೊಸ ಇಯರ್‌ಫೋನಿನ ಬಾಯಿಗೆ ನಾವು ಅಂಟಿಸುವ ಮುದ್ರೆಯನ್ನು ಯಾರೂ ತೆಗೆದಿಲ್ಲ, ಸದ್ದು ಅದರ ಹಿಂದೆ ನಿಂತಿದೆ. ಉಗುರಿನಿಂದ ಕಿತ್ತರೆ ಬರುತ್ತದೆ. ಹೇಳದೆ ಇದ್ದದ್ದು, ನೀವು ಬೇರೆ ಯಾರೋ ಎಂದುಕೊಂಡಿದ್ದರಿಂದ. ಆ ಮನೆಯ ಯಜಮಾನರಾಗಿದ್ದರೆ ಇಷ್ಟು ಹೊತ್ತಿಗೆ ಅದನ್ನು ತೆಗೆದಿರುತ್ತಾರೆ ಎಂದುಕೊಂಡಿದ್ದೆ.

ಆರ್ಡರಿನ ಜೊತೆ ನಿಮ್ಮ ಮನೆಯವರು ಬರೆದ ಚೀಟಿಯನ್ನು ಕಳಿಸುತ್ತಿದ್ದೇನೆ. ಅಕ್ಷರ ಮಾಸಿದೆ, ಆದ್ದರಿಂದ ಇಲ್ಲೂ ನಕಲು ಮಾಡಿದ್ದೇನೆ:

“ಎಡಗಡೆಯದು ನನ್ನ ಕಿವಿಗೆ, ಬಲಗಡೆಯದು ನಮ್ಮ ಯಜಮಾನರ ಕಿವಿಗೆ ಮಾಡಿ. ಗುಗ್ಗೆ ತೆಗೆಸೋಣ ಬನ್ನಿ ಅಂತ ಸುಳ್ಳು ಹೇಳಿ ಅವರ ಅಚ್ಚು ತೆಗೆಸಿದ್ದೇನೆ. ಐದು ನಿಮಿಷ ಸುಮ್ಮನೆ ಕೂರಿಸುವಷ್ಟರಲ್ಲಿ ಸಾಕಾಯಿತು. ಅವರು ದಿನವಿಡೀ ಮಾತಾಡುತ್ತಾರೆ, ನನಗೆ ಅದರ ಬೇಸರವಿಲ್ಲ, ನನ್ನ ಬಲಗಿವಿ ಇರುವುದೇ ಅದಕ್ಕೆ. ಆದರೆ ದಿನಕ್ಕೆ ಅರ್ಧ ಗಂಟೆ ಇಬ್ಬರೂ ಕೂತು ಒಂದೇ ಕೇಳಬೇಕು ಅಂತ ಆಸೆ. ರೇಡಿಯೋದ ಒಂದು ಪತ್ತೇದಾರಿ ಧಾರಾವಾಹಿ ಹಾಕಿಸಿಕೊಂಡಿದ್ದೇನೆ. ಕಳ್ಳನನ್ನು ಹಿಡಿಯುವುದರಲ್ಲಿ ನಮ್ಮವರನ್ನು ಮೀರಿಸಿದವರಿಲ್ಲ, ನಾನೇ ಮೊದಲು ಹಿಡಿದು ತೋರಿಸಬೇಕು. ಅವರ ಕಡೆಯದಕ್ಕೆ ಮುದ್ರೆ ಹಾಕಿಯೇ ಕಳಿಸಿ. ಮುದ್ರೆ ಇಲ್ಲದ್ದನ್ನು ಅವರು ನಂಬುವುದಿಲ್ಲ. ಬೆಲೆ ಎಲ್ಲೂ ಬರೆಯಬೇಡಿ, ಗೊತ್ತಾದರೆ ವಾಪಸ್ ಕಳಿಸಿಬಿಡುತ್ತಾರೆ. ನನ್ನ ಆಫೀಸಿನವರು ಬೀಳ್ಕೊಡುಗೆಗೆ ಕೂಡಿಸಿಕೊಟ್ಟ ದುಡ್ಡಿದು. ಮನೆಯಲ್ಲಿ ತೋರಿಸಲು ಒಂದು ಗಡಿಯಾರ ಕೊಂಡಿಟ್ಟಿದ್ದೇನೆ.”

ಇನ್ನೊಂದು ಮಾತು. ಹೇಳಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಒಂದು ವರ್ಷದ ನಂತರ ಅವರು ತಂತಿ ಬದಲಿಸಲು ಕಳಿಸಿದಾಗ ನಿಮ್ಮ ಕಡೆಯ ಮುದ್ರೆ ಹಾಗೇ ಇತ್ತು. ಫೋನ್ ಮಾಡಿ ವಿಚಾರಿಸಿದೆ. “ಏನು ಕೇಳ್ತಿದೀಯ ಅಂತ ಅವರಾಗೇ ಒಂದು ಸಲ ಕೇಳ್ಲಿ ಅಂತ ಕಾಯ್ತಿದೀನಿ ಕಣಮ್ಮ. ಕೇಳ್ತಾರೆ, ಇವತ್ತಲ್ಲ ನಾಳೆ” ಅಂದರು. ಕೋಪವಿರಲಿಲ್ಲ. ನಗುತ್ತಿದ್ದರು.

ಅಚ್ಚಿನ ವಿಭಾಗದಿಂದ


ಜೂನ್ 2

ತಾಯಿ,

ಚೀಟಿ ತಲುಪಿತು. ಅಕ್ಷರ ಅವಳದೇ, ಪರೀಕ್ಷೆ ಬೇಕಿಲ್ಲ.

ಅಂದು ಗುಗ್ಗೆ ತೆಗೆಸಲೆಂದು ಅವಳು ಕರೆದೊಯ್ದ ಆಸ್ಪತ್ರೆಯಲ್ಲಿ ಗುಲಾಬಿ ಹಿಟ್ಟು ತುಂಬಿದ ದಿನ, ಒಂದೇ ಕಿವಿ ತೊಳೆದು ಎರಡು ಕಿವಿಯ ಚಾರ್ಜು ಹಾಕಿದ್ದಾರೆಂದು ನಾನು ಕೌಂಟರಿನಲ್ಲಿ ಜಗಳಕ್ಕೆ ನಿಂತಿದ್ದೆ. ಅವಳು ತೋಳು ಹಿಡಿದು ಹೊರಗೆಳೆದುಕೊಂಡು ಬಂದಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ನಾನು ಕಿವಿಯನ್ನು ತಲೆಗೇ ಅಂಟಿಸಿಕೊಂಡು ಊರವರ ಕಿವಿ ಅಳೆದೆ. ಸಂಗೀತದ ಮೇಷ್ಟ್ರಿಗೆ ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ನಕ್ಕು, ಆಮೇಲೆ ನಗಲಿಲ್ಲ.

ಎಲ್ಲಿಂದ ಬಂತು ಎಂದು ಕೇಳಿದ್ದೆ. ಎಷ್ಟಾಯಿತು ಎಂದು ಕೇಳಿದ್ದೆ. ಮೂರನೆಯದನ್ನು ಕೇಳಲಿಲ್ಲ. ಅವಳು ಮೂರು ವರ್ಷ ಎಡಗಡೆ ತಟ್ಟುತ್ತಲೇ ಇದ್ದಳು, ಕಿಟಕಿಯ ಬೆಳಕು ತನಗೆ ಬೇಕೆಂದು ನನ್ನನ್ನು ಆ ಕಡೆ ಕೂರಿಸುತ್ತಾಳೆ ಎಂದುಕೊಂಡಿದ್ದೆ. ಅಲ್ಲಿ ಕೂತರೆ ನನ್ನ ಬಲಗಿವಿ ಅವಳ ಎಡಗಿವಿಯ ಪಕ್ಕಕ್ಕೆ ಬರುತ್ತದೆ ಎಂಬುದು ಮೊನ್ನೆ ಒಬ್ಬನೇ ಕೂತು ನೋಡಿದಾಗ ತಿಳಿಯಿತು.

ಮುದ್ರೆ ಮುರಿದೆ. ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ಹಾಕಿದ್ದೆಷ್ಟೋ, ಕಿತ್ತದ್ದು ಒಂದೂ ಇಲ್ಲ. ಉಗುರು ಸಾಲಲಿಲ್ಲ, ಅವಳ ಹೊಲಿಗೆ ಸೂಜಿ ಬೇಕಾಯಿತು. ಕಿವಿಗೆ ಇಟ್ಟೆ. ಬೀಗದೊಳಗೆ ಕೀಲಿ ಹೋದಂತೆ ಕೂತಿತು. ಬೀದಿಯ ಸದ್ದು ನಿಂತುಹೋಯಿತು. ಆ ಪಿಸುಮಾತಿನ ಗಂಡಸು ಯಾರೆಂದು ಗೊತ್ತಾಯಿತು. ಧಾರಾವಾಹಿಯ ಪತ್ತೇದಾರ. ಗೋದಾಮಿನಲ್ಲಿ ಅಡಗಿ ಕೂತು ಸಹಾಯಕನಿಗೆ ಏನೋ ಹೇಳುತ್ತಿದ್ದಾನೆ. ನಾನು ಬಂದದ್ದು ನಡುವಿನಲ್ಲಿ, ಆದ್ದರಿಂದ ಮೊದಲನೆಯ ಭಾಗದಿಂದ ಹಿಡಿದೆ. ಒಟ್ಟು ಇಪ್ಪತ್ತಾರು ಭಾಗಗಳಿವೆ. ದಿನಕ್ಕೆ ಅರ್ಧ ಗಂಟೆ, ಅವಳು ಬರೆದಂತೆ, ಅದಕ್ಕಿಂತ ಒಂದು ನಿಮಿಷ ಹೆಚ್ಚಿಲ್ಲ. ಎಡಗಡೆಯದನ್ನು ಕಿಟಕಿಯ ಬದಿಯ ಜಾಗದಲ್ಲಿ ಇಟ್ಟಿರುತ್ತೇನೆ. ಅದು ಅಲ್ಲಿ ಸೊಳ್ಳೆಯಂತೆ ಗುಂಯ್‌ಗುಡುತ್ತದೆ. ನಾನು ಮಾತಾಡುವುದಿಲ್ಲ.

ಆಸ್ಪತ್ರೆಯ ಟೆಲಿಫೋನ್ ಕೋಣೆಗೂ ಒಂದು ಪತ್ರ ಹಾಕಿದ್ದೇನೆ. ಗಡಿಯಾರದ ವಿಷಯದಲ್ಲಿ ತಪ್ಪೊಪ್ಪಿಗೆ. ಬೈಗುಳ ಅವರ ಕಿವಿಗೆ ಬಿದ್ದಿರಲಿಲ್ಲ, ಆದರೂ ವಾಪಸ್ಸು ತೆಗೆದುಕೊಳ್ಳಬೇಕಲ್ಲ. ಗಡಿಯಾರವನ್ನು ಕೆಳಗಿಳಿಸಿಲ್ಲ, ನಿಂತದ್ದು ನಿಂತಂತೆಯೇ ಇದೆ.

ನಿಮ್ಮ ಮಾಲಿನ ಮೇಲಿನ ದೂರು ಹಿಂತೆಗೆದುಕೊಂಡಿದ್ದೇನೆ. ಪರೀಕ್ಷಿಸಿದೆ, ಸರಿಯಾಗಿದೆ. ಬೆಲೆ ಜಾಸ್ತಿ, ಅದನ್ನು ಈಗಲೂ ಹೇಳುತ್ತೇನೆ. ಹತ್ತು ವರ್ಷದ ಬಾಳಿಕೆ ಎಂದಿದ್ದೀರಿ. ಮೂರು ಕಳೆಯಿತು, ನನ್ನ ಕಡೆಯದು ಇನ್ನೂ ಹೊಸದು. ನನಗೆ ಎಪ್ಪತ್ತೊಂದು. ಇಬ್ಬರಲ್ಲಿ ಯಾರು ಮೊದಲು ನಿಲ್ಲುತ್ತಾರೆಂದು ಬರೆದು ತಿಳಿಸಲು ಆಗಲಿಕ್ಕಿಲ್ಲ, ಕ್ಷಮಿಸಿ.

ನಿನ್ನೆ ಒಂಬತ್ತನೆಯ ಭಾಗ ಮುಗಿಯಿತು. ಗೋದಾಮಿನಲ್ಲಿ ಚೀಲಗಳ ತೂಕ ಕಡಿಮೆ ಬರುತ್ತಿದೆ. ಎಲ್ಲರೂ ಕಾವಲುಗಾರನತ್ತ ಬೆರಳು ಮಾಡುತ್ತಿದ್ದಾರೆ. ನನಗೆ ಗುಮಾಸ್ತನ ಮೇಲೆ ಅನುಮಾನ, ಅವನು ತಕ್ಕಡಿಯನ್ನು ನೋಡುವ ರೀತಿಯೇ ಸರಿಯಿಲ್ಲ. ನೀವು ಈ ಧಾರಾವಾಹಿ ಕೇಳಿದ್ದರೆ ಕಳ್ಳ ಯಾರೆಂದು ದಯವಿಟ್ಟು ಬರೆಯಬೇಡಿ.

ಕಾವಲುಗಾರ ಅಲ್ಲ. ಅದು ಮಾತ್ರ ನನಗೆ ಮೊದಲೇ ಗೊತ್ತಿತ್ತು.